ಒಂದು ಇಮೇಜ್, ನೂರು ಕಂಪ್ಯೂಟರ್, ಒಂದು ‘ಆಕ್ಸೆಸ್ ಡಿನೈಡ್’

ಕುವೈತ್‌ನಲ್ಲಿ ಗುರುವಾರ ಸಂಜೆಯಾಯಿತೆಂದರೆ ಕಚೇರಿಗಳು ಖಾಲಿಯಾಗುತ್ತವೆ. 2007ರ ಸೆಪ್ಟೆಂಬರ್‌ನಿಂದ ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಆದರೆ ಫರ್ವಾನಿಯಾ ಗವರ್ನರೇಟಿಗೆ ಸೇರಿದ ರಾಯ್ ಪ್ರದೇಶಕ್ಕೆ ಈ ಮಾತು ಅರ್ಧ ಮಾತ್ರ ಸಲ್ಲುತ್ತದೆ. ಗೋದಾಮು, ಕಾರ್ ಶೋರೂಂ, ವರ್ಕ್‌ಶಾಪುಗಳು ತುಂಬಿರುವ ಈ ಪ್ರದೇಶದಲ್ಲೇ ‘ಸೂಕ್ ಅಲ್-ಜುಮಾ’ ಎಂಬ ಶುಕ್ರವಾರದ ಸಂತೆ ಇದೆ. 2007ರಲ್ಲಿ ಶುರುವಾದ ‘ದಿ ಅವೆನ್ಯೂಸ್’ ಎಂಬ ಬೃಹತ್ ಮಾಲ್ ಕೂಡ ಇಲ್ಲೇ ಇದೆ. ಕಚೇರಿಯವರಿಗೆ ರಜೆ ಇರುವ ದಿನವೇ ಅಂಗಡಿಯವರಿಗೆ ಬಿಡುವಿಲ್ಲದ ದಿನ. ಹೊಸ ವಿಂಡೋಸ್ ಹಾಕಲು ಹೊರಟವರಿಗೆ ಲೆಕ್ಕಪತ್ರ ವಿಭಾಗದ ಕಂಪ್ಯೂಟರ್ ಶುಕ್ರವಾರ ಕೈಗೆ ಸಿಕ್ಕೀತು. ಬಿಲ್ಲಿಂಗ್ ಕೌಂಟರಿನದು ಸಿಗಬೇಕಾದರೆ ಮಧ್ಯರಾತ್ರಿ ಕಳೆಯಬೇಕು.

ಕುಂದಾಪುರದಿಂದಲೋ ಕಾಸರಗೋಡಿನಿಂದಲೋ ಹೋದ ತರುಣನೊಬ್ಬ ಇಂಥ ಒಂದು ಗೋದಾಮಿನ ಐಟಿ ವಿಭಾಗದಲ್ಲಿದ್ದಾನೆ ಎಂದುಕೊಳ್ಳಿ. ನೂರು ಕಂಪ್ಯೂಟರುಗಳಿಗೆ ಹೊಸ ವಿಂಡೋಸ್ ಹಾಕಬೇಕು. ಒಂದೊಂದರ ಮುಂದೆಯೂ ಕೂತು ವಿಂಡೋಸ್, ಡ್ರೈವರ್, ಪ್ರಿಂಟರ್, ಅರಬ್ಬಿ ಭಾಷೆ, ಬಿಲ್ಲಿಂಗ್ ತಂತ್ರಾಂಶ ಎಲ್ಲವನ್ನೂ ಹಾಕುತ್ತ ಹೋದರೆ ವಾರಗಳೇ ಹಿಡಿಯುತ್ತವೆ. ಹಾಗಾಗಿ ಒಂದೇ ಒಂದು ಇಮೇಜ್, ಅಂದರೆ ಇದೆಲ್ಲವೂ ಸೇರಿದ ವಿಂಡೋಸ್‌ನ ಪಡಿಯಚ್ಚು, ಸಿದ್ಧಮಾಡಿ ಎಲ್ಲಕ್ಕೂ ಇಳಿಸುವುದು ಅವನ ಯೋಜನೆ. ಎಲ್ಲ ಸಿದ್ಧತೆ ಮುಗಿಸಿ ಮೊದಲ ಕಮಾಂಡ್ ಕೊಡುತ್ತಾನೆ. ತೆರೆಯ ಮೇಲೆ ಬರುವುದು ಒಂದೇ ಸಾಲು: ‘ಆಕ್ಸೆಸ್ ಈಸ್ ಡಿನೈಡ್’. ನಿನಗೆ ಅನುಮತಿ ಇಲ್ಲ.

ಅವನೇ ಆ ಕಂಪ್ಯೂಟರಿನ ಅಡ್ಮಿನಿಸ್ಟ್ರೇಟರ್. ಅವನಿಗೇ ಅನುಮತಿ ಇಲ್ಲದಿದ್ದರೆ ಇನ್ನಾರಿಗೆ? ಈ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿಲ್ಲದೆ ಗಡಿಬಿಡಿಯಲ್ಲಿ ಮಾಡುವ ‘ರಿಪೇರಿ’ಗಳು ಆ ರಾತ್ರಿಯ ಕೆಲಸವನ್ನಷ್ಟೇ ಅಲ್ಲ, ಆ ಸಂಸ್ಥೆಯ ನೂರೂ ಕಂಪ್ಯೂಟರುಗಳ ಭದ್ರತೆಯನ್ನು ಕೆಡಿಸಬಲ್ಲವು. ಈ ದೋಷ ಎಲ್ಲಿಂದ ಬರುತ್ತದೆ, ಎಷ್ಟು ಬಗೆಯಲ್ಲಿ ಬರುತ್ತದೆ, ಯಾವ ಕ್ರಮದಲ್ಲಿ ಹುಡುಕಿದರೆ ಸಿಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅದಕ್ಕೇ ಮುಖ್ಯ.

ಗೋಸ್ಟ್‌ನಿಂದ ವಿಮ್‌ವರೆಗೆ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸಿದ ಹಳಬರಿಗೆ ‘ಗೋಸ್ಟ್ ಹೊಡೆಯುವುದು’ ಎಂಬ ಮಾತು ಚೆನ್ನಾಗಿ ನೆನಪಿರುತ್ತದೆ. ನ್ಯೂಜಿಲೆಂಡಿನ ಬೈನರಿ ರಿಸರ್ಚ್ ಎಂಬ ಕಂಪನಿ 1990ರ ದಶಕದ ನಡುವಿನಲ್ಲಿ ರೂಪಿಸಿದ ಗೋಸ್ಟ್ ತಂತ್ರಾಂಶವನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತು. ಒಂದು ಹಾರ್ಡ್ ಡಿಸ್ಕನ್ನು ಇದ್ದದ್ದು ಇದ್ದಂತೆ ಇನ್ನೊಂದಕ್ಕೆ ಇಳಿಸುವುದು ಅದರ ಕೆಲಸ. ಫೈಲಿನ ಒಡೆಯ ಯಾರು ಎಂಬ ವಿಚಾರ ಅಲ್ಲಿ ಅಷ್ಟಾಗಿ ಏಳುತ್ತಿರಲಿಲ್ಲ.

ವಿಂಡೋಸ್ ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಬೇರೆ ದಾರಿ ಹಿಡಿಯಿತು. ಅದು ತಂದ ‘ವಿಮ್’ ಎಂಬ ಮಾದರಿ ಡಿಸ್ಕನ್ನು ನಕಲಿಸುವುದಿಲ್ಲ, ಫೈಲುಗಳನ್ನು ಒಂದೊಂದಾಗಿ ಕಟ್ಟಿಡುತ್ತದೆ. ಒಂದೇ ಫೈಲ್ ಹತ್ತು ಕಡೆ ಇದ್ದರೆ ಒಮ್ಮೆ ಮಾತ್ರ ಇಡುತ್ತದೆ. ಫೈಲಿನ ಜೊತೆಗೆ ಅದರ ಒಡೆಯ ಯಾರು, ಓದುವ ಹಕ್ಕು ಯಾರಿಗೆ, ಬರೆಯುವ ಹಕ್ಕು ಯಾರಿಗೆ ಎಂಬ ಪಟ್ಟಿಯೂ ಇಮೇಜಿನೊಳಗೆ ಹೋಗುತ್ತದೆ. ವಿಂಡೋಸ್ 7ರ ಜೊತೆ ಬಂದ ‘ಡಿಸ್ಮ್’ ಎಂಬ ಸಾಧನ ಈ ಇಮೇಜುಗಳನ್ನು ತೆರೆದು ತಿದ್ದುವ ಕೆಲಸ ಮಾಡುತ್ತದೆ. ವಿಂಡೋಸ್ 8ರಿಂದ ಇಮೇಜ್ ಸೆರೆಹಿಡಿಯುವುದನ್ನೂ ಇಳಿಸುವುದನ್ನೂ ಅದೇ ಮಾಡತೊಡಗಿತು.

ಇಮೇಜ್ ಮಾಡಲು ಸಾಮಾನ್ಯವಾಗಿ ಎರಡು ದಾರಿ. ಮೊದಲನೆಯದು, ಒಂದು ಮಾದರಿ ಕಂಪ್ಯೂಟರಿಗೆ ಬೇಕಾದ್ದನ್ನೆಲ್ಲ ಹಾಕಿ, ‘ಸಿಸ್‌ಪ್ರೆಪ್’ ನಡೆಸಿ ಅದರ ಸ್ವಂತ ಗುರುತುಗಳನ್ನು ಅಳಿಸಿ, ‘ವಿನ್‌ಪಿಇ’ ಎಂಬ ಪುಟ್ಟ ವಿಂಡೋಸ್‌ನಿಂದ ಬೂಟ್ ಮಾಡಿ ಸೆರೆಹಿಡಿಯುವುದು. ಎರಡನೆಯದು, ಮೈಕ್ರೋಸಾಫ್ಟ್ ಕೊಡುವ ವಿಮ್ ಫೈಲನ್ನೇ ಒಂದು ಖಾಲಿ ಫೋಲ್ಡರಿಗೆ ‘ಮೌಂಟ್’ ಮಾಡಿ, ಅಂದರೆ ಅದರ ಒಡಲನ್ನು ಆ ಫೋಲ್ಡರಿನಲ್ಲಿ ತೆರೆದಿಟ್ಟು, ಡ್ರೈವರ್, ಅಪ್‌ಡೇಟ್, ಭಾಷಾ ಪ್ಯಾಕ್ ಸೇರಿಸಿ ಮತ್ತೆ ಮುಚ್ಚುವುದು. ಅನುಮತಿಯ ತಕರಾರು ಎರಡೂ ದಾರಿಯಲ್ಲಿ ಬರುತ್ತದೆ. ಆದರೆ ಎಲ್ಲ ತಕರಾರುಗಳ ಮೂಲ ಒಂದೇ ಅಲ್ಲ.

ಅಡ್ಮಿನಿಸ್ಟ್ರೇಟರ್‌ಗೂ ‘ಇಲ್ಲ’ ಏಕೆ?

1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಮತ್ತು ಅದರ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯ ಕಾಲದಿಂದಲೂ ಪ್ರತಿ ಫೈಲಿಗೂ ಒಬ್ಬ ಒಡೆಯ ಇರುತ್ತಾನೆ, ಒಂದು ಹಕ್ಕುಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇರುವುದು ಹೆಸರಲ್ಲ, ‘ಸಿಡ್’ ಎಂಬ ಅಂಕಿಗಳ ಗುರುತು. ಉದಾಹರಣೆಗೆ ಅಡ್ಮಿನಿಸ್ಟ್ರೇಟರ್ ಗುಂಪಿನ ಗುರುತು ಎಲ್ಲ ವಿಂಡೋಸ್‌ಗಳಲ್ಲೂ ಎಸ್-1-5-32-544. ಜರ್ಮನ್ ವಿಂಡೋಸ್‌ನಲ್ಲಿ ಆ ಗುಂಪಿನ ಹೆಸರು ‘ಅಡ್ಮಿನಿಸ್ಟ್ರಾಟೋರೆನ್’ ಎಂದಿರುತ್ತದೆ, ಗುರುತು ಮಾತ್ರ ಬದಲಾಗುವುದಿಲ್ಲ. ಹಲವು ಭಾಷೆಯ ಇಮೇಜುಗಳನ್ನು ನಿಭಾಯಿಸುವವರು ತಮ್ಮ ಸ್ಕ್ರಿಪ್ಟುಗಳಲ್ಲಿ ಗುಂಪಿನ ಹೆಸರಿನ ಬದಲು ಈ ಅಂಕಿಯನ್ನೇ ಬರೆಯುವುದು ಕ್ಷೇಮ.

ವಿಸ್ಟಾ ಇನ್ನೆರಡು ಕಟ್ಟುಪಾಡು ತಂದಿತು. ಒಂದು, ‘ಯುಎಸಿ’. ಅಡ್ಮಿನಿಸ್ಟ್ರೇಟರ್ ಲಾಗಿನ್ ಆದರೂ ವಿಂಡೋಸ್ ಅವನಿಗೆ ದಿನನಿತ್ಯದ ಬಳಕೆಗೆ ಸಾಮಾನ್ಯನ ಹಕ್ಕನ್ನಷ್ಟೇ ಕೊಡುತ್ತದೆ. ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಕೇಳಿಕೊಂಡಾಗ ಮಾತ್ರ ಪೂರ್ಣ ಹಕ್ಕು. ಎರಡು, ‘ಟ್ರಸ್ಟೆಡ್ ಇನ್‌ಸ್ಟಾಲರ್’. ವಿಂಡೋಸ್‌ನ ಮುಖ್ಯ ಫೈಲುಗಳಿಗೆಲ್ಲ ಒಡೆಯ ಈ ಸೇವೆಯೇ ಹೊರತು ಅಡ್ಮಿನಿಸ್ಟ್ರೇಟರ್ ಅಲ್ಲ. ಅಡ್ಮಿನಿಸ್ಟ್ರೇಟರ್ ಹಕ್ಕು ಕದ್ದ ದುಷ್ಟ ತಂತ್ರಾಂಶವೂ ಆ ಫೈಲುಗಳನ್ನು ಸುಲಭವಾಗಿ ತಿದ್ದಬಾರದು ಎಂಬುದು ಇದರ ಹಿಂದಿನ ಯೋಚನೆ.

ಇದರಿಂದ ಒಂದು ವಿಷಯ ತಿಳಿಯುತ್ತದೆ. ‘ಅನುಮತಿ ಇಲ್ಲ’ ಎಂಬ ಒಂದೇ ಉತ್ತರದ ಹಿಂದೆ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿರಬಹುದು. ಕೇಳುತ್ತಿರುವವನು ಯಾರು? ಮುಟ್ಟಲು ಹೊರಟ ವಸ್ತು ತಿದ್ದಲು ಬರುವಂಥದ್ದೇ? ಅದನ್ನು ಈಗಾಗಲೇ ಬೇರೆ ಯಾರಾದರೂ ಹಿಡಿದಿದ್ದಾರೆಯೇ? ನೆಟ್‌ವರ್ಕಿನ ಆಚೆ ಬದಿಯವರು ನಮ್ಮನ್ನು ಗುರುತಿಸಿದ್ದಾರೆಯೇ? ಇದೇ ಕ್ರಮದಲ್ಲಿ ನೋಡುತ್ತ ಹೋದರೆ ದೋಷ ತಪ್ಪಿಸಿಕೊಳ್ಳಲಾರದು.

ಮೊದಲ ಪ್ರಶ್ನೆ: ಕೇಳುತ್ತಿರುವವನು ಯಾರು?

ಡಿಸ್ಮ್ ಕಮಾಂಡ್ ಕೊಟ್ಟ ಕೂಡಲೇ 740 ಎಂಬ ಸಂಖ್ಯೆ ಬಂದರೆ ಹುಡುಕಾಟವೇ ಬೇಡ. ಕಮಾಂಡ್ ಪ್ರಾಂಪ್ಟ್ ಸಾಮಾನ್ಯ ಹಕ್ಕಿನಲ್ಲಿ ತೆರೆದಿದೆ ಎಂದರ್ಥ. ಅದನ್ನು ಮುಚ್ಚಿ, ಬಲಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ಮತ್ತೆ ತೆರೆದರೆ ಮುಗಿಯಿತು.

ಬೂಟ್ ಮಾಡುವ ಪೆನ್‌ಡ್ರೈವ್ ತಯಾರಿಸುವವರಿಗೆ ಇದೇ ತೊಡಕು ಇನ್ನೊಂದು ವೇಷದಲ್ಲಿ ಬರುತ್ತದೆ. ವಿನ್‌ಪಿಇ ಫೈಲುಗಳನ್ನು ಹೊಂದಿಸಿಕೊಡುವ ‘ಕಾಪಿಪಿಇ’ ಎಂಬ ಕಮಾಂಡ್ ಮಾಮೂಲಿ ಕಮಾಂಡ್ ಪ್ರಾಂಪ್ಟಿನಲ್ಲಿ ಸರಿಯಾಗಿ ಓಡುವುದಿಲ್ಲ. ಅದಕ್ಕೆ ಬೇಕಾದ ದಾರಿಗಳೆಲ್ಲ ಹೊಂದಿಸಿರುವ ‘ಡಿಪ್ಲಾಯ್‌ಮೆಂಟ್ ಆ್ಯಂಡ್ ಇಮೇಜಿಂಗ್ ಟೂಲ್ಸ್’ ಎಂಬ ಪ್ರತ್ಯೇಕ ಕಿಟಕಿಯನ್ನು ಸ್ಟಾರ್ಟ್ ಮೆನುವಿನಿಂದ, ಅದೂ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. ಸರಿಯಾದ ಕಿಟಕಿಯನ್ನು ತೆರೆದು ಹಕ್ಕು ಕೇಳುವುದನ್ನು ಮರೆತವರೂ ಇದ್ದಾರೆ, ಹಕ್ಕು ಕೇಳಿ ಬೇರೆ ಕಿಟಕಿ ತೆರೆದವರೂ ಇದ್ದಾರೆ. ಎರಡೂ ಇರಬೇಕು. ಸಂಶಯ ಬಂದರೆ ‘ಹೂ ಆ್ಯಮ್ ಐ’ ಕಮಾಂಡಿಗೆ ‘ಗ್ರೂಪ್ಸ್’ ಸೇರಿಸಿ ಕೊಡಿ. ಆ ಕಿಟಕಿಗೆ ಸದ್ಯ ಯಾವ ಗುಂಪುಗಳ ಬಲವಿದೆ ಎಂಬ ಪಟ್ಟಿ ಸಿಗುತ್ತದೆ.

ಎರಡನೆಯ ಪ್ರಶ್ನೆ: ವಸ್ತು ತಿದ್ದಲು ಬರುವಂಥದ್ದೇ?

ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲೇ ಇದ್ದೇವೆ, ಆದರೂ ಇಮೇಜ್ ಮೌಂಟ್ ಆಗುತ್ತಿಲ್ಲ. ‘ಈ ಇಮೇಜನ್ನು ಮೌಂಟ್ ಮಾಡಿ ತಿದ್ದಲು ನಿಮಗೆ ಅನುಮತಿ ಇಲ್ಲ’ ಎಂಬ ಅರ್ಥದ ಸಂದೇಶ, ಜೊತೆಗೆ ಸಿ1510111 ಎಂಬ ಸಂಖ್ಯೆ. ಇದನ್ನು ಓದಿದವರು ತಕ್ಷಣ ಫೋಲ್ಡರಿನ ಹಕ್ಕುಪಟ್ಟಿ ಬದಲಿಸಲು ಹೋಗುತ್ತಾರೆ. ಆದರೆ ಇಲ್ಲಿ ಪಟ್ಟಿಯ ತಪ್ಪೇನೂ ಇರುವುದಿಲ್ಲ.

ವಿಂಡೋಸ್‌ನ ಐಎಸ್‌ಒ ಫೈಲನ್ನು ಎರಡು ಸಲ ಕ್ಲಿಕ್ ಮಾಡಿದರೆ ಅದು ಡಿವಿಡಿಯಂತೆ ತೆರೆದುಕೊಳ್ಳುತ್ತದೆ. ಡಿವಿಡಿಯ ಮೇಲೆ ಬರೆಯಲು ಯಾವ ಅಡ್ಮಿನಿಸ್ಟ್ರೇಟರಿಗೂ ಆಗದು. ಅಲ್ಲಿರುವ ‘ಇನ್‌ಸ್ಟಾಲ್ ವಿಮ್’ ಫೈಲನ್ನು ಹಾರ್ಡ್ ಡಿಸ್ಕಿಗೆ ನಕಲಿಸಿಕೊಂಡೇ ಕೆಲಸ ಮಾಡಬೇಕು. ನಕಲಿಸಿದ ಮೇಲೂ ಡಿವಿಡಿಯಿಂದ ಬಂದ ‘ರೀಡ್ ಓನ್ಲಿ’ ಎಂಬ ಗುರುತು ಫೈಲಿಗೆ ಅಂಟಿಕೊಂಡಿರಬಹುದು. ‘ಪ್ರಾಪರ್ಟೀಸ್’ ತೆರೆದು ಆ ಟಿಕ್ ತೆಗೆದರೆ, ಅಥವಾ ‘ಆಟ್ರಿಬ್’ ಕಮಾಂಡಿನಿಂದ ಅದನ್ನು ಕಳೆದರೆ ಇಮೇಜ್ ತೆರೆದುಕೊಳ್ಳುತ್ತದೆ. ಇಷ್ಟು ಸಣ್ಣ ಟಿಕ್ ಒಂದು ರಾತ್ರಿಯನ್ನೇ ನುಂಗಬಲ್ಲದು.

ವಿಮ್ ಬದಲು ‘ಇಎಸ್‌ಡಿ’ ಎಂಬ ಫೈಲ್ ಸಿಕ್ಕರೆ ಕಥೆ ಬೇರೆ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಬಳಸಿ ಇಳಿಸಿಕೊಂಡವರಿಗೆ ಸಾಮಾನ್ಯವಾಗಿ ಸಿಗುವುದು ಇದೇ. ಇದು ಇನ್ನೂ ಬಿಗಿಯಾಗಿ ಒತ್ತಿದ ಮಾದರಿ. ತಿದ್ದಲು ಮೌಂಟ್ ಮಾಡಲಾಗದು. ಡಿಸ್ಮ್‌ನ ‘ಎಕ್ಸ್‌ಪೋರ್ಟ್ ಇಮೇಜ್’ ಬಳಸಿ ಮೊದಲು ವಿಮ್ ಮಾಡಿಕೊಳ್ಳಬೇಕು. ಫ್ಯಾಟ್32 ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯದ ಕಾರಣ ವಿಮ್ ಅನ್ನು ತುಂಡು ಮಾಡುವ ಪದ್ಧತಿಯಿದೆ. ಆ ತುಂಡುಗಳನ್ನೂ ತಿದ್ದಲು ಬರುವುದಿಲ್ಲ. ತಿದ್ದುವುದೆಲ್ಲ ಮುಗಿದ ಮೇಲೆ ತುಂಡು ಮಾಡಿ.

ಇನ್ನು ಮೌಂಟ್ ಮಾಡುವ ಫೋಲ್ಡರ್. ಅದು ಖಾಲಿಯಿರಬೇಕು, ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿರಬೇಕು, ಆ ಡಿಸ್ಕ್ ಎನ್‌ಟಿಎಫ್‌ಎಸ್ ಆಗಿರಬೇಕು. ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಒಳಗೆ ಈ ಫೋಲ್ಡರ್ ಮಾಡುವ ಅಭ್ಯಾಸ ಬೇಡ. 2017ರ ಕೊನೆಯಲ್ಲಿ ವಿಂಡೋಸ್ 10ಕ್ಕೆ ಸೇರಿದ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಕಾವಲು, ಸುಲಿಗೆ ವೈರಸ್ಸುಗಳಿಂದ ರಕ್ಷಿಸಲೆಂದು, ಅಪರಿಚಿತ ತಂತ್ರಾಂಶಗಳು ಆ ಜಾಗಗಳಲ್ಲಿ ಬರೆಯದಂತೆ ತಡೆಯಬಲ್ಲದು. ಸಿ ಡ್ರೈವಿನ ಬುಡದಲ್ಲೇ ‘ಮೌಂಟ್’ ಎಂಬ ಚಿಕ್ಕ ಹೆಸರಿನ ಫೋಲ್ಡರ್ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಇಮೇಜ್ ತೆರೆದ ಮೇಲೆ ಒಳಗಿನ ಫೈಲ್ ಮುಟ್ಟುವಾಗಲೂ ‘ಇಲ್ಲ’ ಎನ್ನಿಸಿಕೊಳ್ಳಬಹುದು. ವಿನ್‌ಪಿಇಯ ಹಿನ್ನೆಲೆ ಚಿತ್ರದ ಜಾಗದಲ್ಲಿ ಕಂಪನಿಯ ಲಾಂಛನ ಹಾಕಲು ಹೊರಟವರಿಗೆ ಇದು ಚೆನ್ನಾಗಿ ಗೊತ್ತು. ಆ ಚಿತ್ರದ ಒಡೆತನ ಟ್ರಸ್ಟೆಡ್ ಇನ್‌ಸ್ಟಾಲರ್‌ನದು. ಒಡೆತನ ಬದಲಿಸಿ, ಹಕ್ಕು ಕೊಟ್ಟು, ಆಮೇಲೆ ಚಿತ್ರ ಬದಲಿಸಬೇಕೆಂದು ಮೈಕ್ರೋಸಾಫ್ಟ್‌ನ ಕೈಪಿಡಿಯೇ ಹೇಳುತ್ತದೆ. ಇದು ನಿಜವಾದ ಹಕ್ಕಿನ ಪ್ರಶ್ನೆ. ಇಲ್ಲಿ ‘ಟೇಕ್ ಓನ್’, ‘ಐಕ್ಯಾಕಲ್ಸ್’ ಎಂಬ ಕಮಾಂಡುಗಳು ಬೇಕಾಗುತ್ತವೆ. ಆದರೆ ಆ ಒಂದು ಫೈಲಿಗೆ ಮಾತ್ರ. ಮುಟ್ಟುವ ಮುನ್ನ ಐಕ್ಯಾಕಲ್ಸ್‌ನ ‘ಸೇವ್’ನಿಂದ ಹಳೆಯ ಹಕ್ಕುಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ‘ರಿಸ್ಟೋರ್’ನಿಂದ ಪಟ್ಟಿಯನ್ನು ಮೊದಲಿನಂತೆ ಮಾಡಿ, ‘ಸೆಟ್ ಓನರ್’ನಿಂದ ಒಡೆತನವನ್ನೂ ಟ್ರಸ್ಟೆಡ್ ಇನ್‌ಸ್ಟಾಲರ್‌ಗೆ ಮರಳಿಸಿ.

ಮೂರನೆಯ ಪ್ರಶ್ನೆ: ಯಾರು ಹಿಡಿದಿದ್ದಾರೆ?

ತಿದ್ದುವುದೆಲ್ಲ ಮುಗಿಯಿತು. ಇಮೇಜ್ ಮುಚ್ಚಿ ಬದಲಾವಣೆಗಳನ್ನು ಉಳಿಸಲು ಹೇಳಿದಾಗ ಸಿ1420117 ಎಂಬ ಸಂಖ್ಯೆ ಬರುತ್ತದೆ: ಫೋಲ್ಡರನ್ನು ಪೂರ್ತಿಯಾಗಿ ಬಿಡಿಸಿಕೊಳ್ಳಲು ಆಗಲಿಲ್ಲ. ಕಾರಣ ಬಹುಪಾಲು ಕಣ್ಣೆದುರೇ ಇರುತ್ತದೆ. ಆ ಫೋಲ್ಡರ್ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದೇ ಇರುತ್ತದೆ. ಅಥವಾ ಇನ್ನೊಂದು ಕಮಾಂಡ್ ಪ್ರಾಂಪ್ಟ್ ಆ ಫೋಲ್ಡರಿನ ಒಳಗೇ ನಿಂತಿರುತ್ತದೆ. ಅಥವಾ ಒಳಗಿನ ಒಂದು ಪಠ್ಯ ಫೈಲ್ ನೋಟ್‌ಪ್ಯಾಡಿನಲ್ಲಿ ಇರುತ್ತದೆ. ಎಲ್ಲ ಮುಚ್ಚಿ ಮತ್ತೆ ಪ್ರಯತ್ನಿಸಿದರೆ ಆಗುತ್ತದೆ.

ಕಣ್ಣಿಗೆ ಕಾಣದೆ ಹಿಡಿಯುವುದು ಆ್ಯಂಟಿವೈರಸ್. ಮೌಂಟ್ ಆದ ಇಮೇಜಿನಲ್ಲಿ ಹತ್ತಾರು ಸಾವಿರ ಫೈಲುಗಳು ಒಮ್ಮೆಲೇ ಕಾಣಿಸಿಕೊಂಡಾಗ ಅದು ಒಂದೊಂದನ್ನೂ ತೆರೆದು ಪರೀಕ್ಷಿಸತೊಡಗುತ್ತದೆ. ಅದು ಹಿಡಿದ ಗಳಿಗೆಯಲ್ಲೇ ಡಿಸ್ಮ್ ಬರೆಯಲು ಹೋದರೆ ಒಮ್ಮೆ ಸಂಖ್ಯೆ 5, ಇನ್ನೊಮ್ಮೆ ಸಂಖ್ಯೆ 32. ಐದು ಎಂದರೆ ಅನುಮತಿ ಇಲ್ಲ. ಮೂವತ್ತೆರಡು ಎಂದರೆ ಬೇರೆಯವರು ಬಳಸುತ್ತಿದ್ದಾರೆ. ಒಮ್ಮೆ ಬಂದು ಇನ್ನೊಮ್ಮೆ ಬಾರದ ದೋಷವಾದರೆ ಹಕ್ಕುಪಟ್ಟಿಯನ್ನಲ್ಲ, ಆ್ಯಂಟಿವೈರಸನ್ನು ಸಂಶಯಿಸಿ. ಹಕ್ಕುಪಟ್ಟಿಯ ಉತ್ತರ ಸಲಸಲಕ್ಕೂ ಬದಲಾಗುವುದಿಲ್ಲ. ಆ್ಯಂಟಿವೈರಸನ್ನು ಪೂರ್ತಿ ಆರಿಸುವುದೂ ಬೇಡ. ಮೌಂಟ್ ಫೋಲ್ಡರನ್ನು ಮಾತ್ರ ಕೆಲಸ ಮುಗಿಯುವ ತನಕ ಪರೀಕ್ಷೆಯಿಂದ ಹೊರಗಿಡುವ ಸೌಲಭ್ಯ ಅದರಲ್ಲೇ ಇರುತ್ತದೆ.

ಮೂರನೆಯದು, ಅರ್ಧಕ್ಕೆ ನಿಂತ ಕೆಲಸದ ಅವಶೇಷ. 2024ರ ಜೂನ್‌ನ ಬಿಸಿಲಿನಲ್ಲಿ ಕುವೈತ್ ತನ್ನ ಕೆಲವು ಪ್ರದೇಶಗಳಲ್ಲಿ ಸರದಿಯ ಮೇಲೆ ವಿದ್ಯುತ್ ಕಡಿತ ಮಾಡಬೇಕಾಗಿ ಬಂದಿತ್ತು; ನಮ್ಮೂರಿನವರಿಗಂತೂ ಕರೆಂಟ್ ಹೋಗುವುದು ಹೊಸ ಸುದ್ದಿಯಲ್ಲ. ಇಮೇಜ್ ಮೌಂಟ್ ಆಗಿದ್ದಾಗ ಕರೆಂಟ್ ಹೋದರೆ, ಕಂಪ್ಯೂಟರ್ ಮತ್ತೆ ಶುರುವಾದಾಗಲೂ ‘ಈ ಇಮೇಜ್ ಈಗಾಗಲೇ ತೆರೆದಿದೆ’ ಎಂದು ವಿಂಡೋಸ್ ಹಟ ಹಿಡಿಯುತ್ತದೆ. ಫೋಲ್ಡರ್ ಅಳಿಸಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ. ಆಗ ಹಕ್ಕಿನ ಜೊತೆ ಗುದ್ದಾಡಬಾರದು. ಯಾವ ಇಮೇಜುಗಳು ಮೌಂಟ್ ಆಗಿವೆ ಎಂದು ಡಿಸ್ಮ್‌ನಿಂದಲೇ ಪಟ್ಟಿ ತೆಗೆಸಿ, ‘ಡಿಸ್ಕಾರ್ಡ್’ ಸೇರಿಸಿ ಬಿಡಿಸಿ. ಅದಕ್ಕೂ ಬಗ್ಗದಿದ್ದರೆ ‘ಕ್ಲೀನಪ್ ಮೌಂಟ್ ಪಾಯಿಂಟ್ಸ್’ ಕೊಡಿ. ಇಮೇಜ್ ಮಾಡುವ ಕಂಪ್ಯೂಟರಿಗೆ ಒಂದು ಯುಪಿಎಸ್ ಇದ್ದರೆ ಈ ಪ್ಯಾರಾವೇ ಬೇಕಾಗದು.

ನಾಲ್ಕನೆಯ ಪ್ರಶ್ನೆ: ಆಚೆ ಬದಿಯವರಿಗೆ ನಮ್ಮ ಪರಿಚಯವಿದೆಯೇ?

ಅತಿ ಹೆಚ್ಚು ಸಮಯ ತಿನ್ನುವುದು ಇದೇ. ಮಾದರಿ ಕಂಪ್ಯೂಟರ್ ಸಿದ್ಧವಾಗಿದೆ, ವಿನ್‌ಪಿಇಯಿಂದ ಬೂಟ್ ಆಗಿದೆ, ಸೆರೆಹಿಡಿದ ಇಮೇಜನ್ನು ಸರ್ವರಿನ ಹಂಚಿಕೆ ಫೋಲ್ಡರಿಗೆ ಬರೆಯಬೇಕು. ಆ ಕಂಪ್ಯೂಟರಿನಲ್ಲಿ ವಿಂಡೋಸ್ ಓಡುವಾಗ ನೀವು ಸಂಸ್ಥೆಯ ಡೊಮೇನಿನ ಪರಿಚಿತ ಬಳಕೆದಾರ. ವಿನ್‌ಪಿಇಯಲ್ಲಿ ಹಾಗಲ್ಲ. ಅದು ಯಾವ ಡೊಮೇನಿಗೂ ಸೇರಿದ್ದಲ್ಲ. ನೀವು ಹೆಸರು, ಪಾಸ್‌ವರ್ಡ್ ಹೇಳದ ಹೊರತು ಸರ್ವರಿಗೆ ನೀವು ಯಾರೋ ಅಪರಿಚಿತ. ‘ನೆಟ್ ಯೂಸ್’ ಕಮಾಂಡಿನಲ್ಲಿ ಡೊಮೇನ್ ಹೆಸರು ಸೇರಿಸಿಯೇ ಬಳಕೆದಾರರ ಹೆಸರು ಕೊಡಬೇಕು.

ಇಲ್ಲಿ ಬರುವ ಸಂಖ್ಯೆಗಳನ್ನು ಓದಲು ಕಲಿತರೆ ಬಹಳ ಲಾಭ. 53 ಬಂದರೆ ಸರ್ವರೇ ಸಿಕ್ಕಿಲ್ಲ: ಕೇಬಲ್, ನೆಟ್‌ವರ್ಕ್ ಡ್ರೈವರ್, ಹೆಸರು ನೋಡಿ. 1326 ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 1219 ಬಂದರೆ ಅದೇ ಸರ್ವರಿಗೆ ಬೇರೆ ಹೆಸರಿನಲ್ಲಿ ಆಗಲೇ ಸಂಪರ್ಕವಿದೆ: ಹಳೆಯದನ್ನು ಕಡಿಯಿರಿ. 5 ಬಂದರೆ ಮಾತ್ರ ಹಕ್ಕಿನ ಕೊರತೆ: ಸರ್ವರ್ ನಿಮ್ಮನ್ನು ಗುರುತಿಸಿದೆ, ಆದರೆ ಬರೆಯಲು ಬಿಡುತ್ತಿಲ್ಲ. ದೋಷದ ಸಂಖ್ಯೆ 80070005 ಎಂದು ಉದ್ದವಾಗಿ ಬಂದರೂ ಅದರ ಬಾಲದಲ್ಲಿರುವುದು ಇದೇ ಐದು.

ಹಂಚಿಕೆ ಫೋಲ್ಡರಿಗೆ ಎರಡು ಹಕ್ಕುಪಟ್ಟಿಗಳಿರುತ್ತವೆ ಎಂಬುದನ್ನು ಹಲವರು ಮರೆಯುತ್ತಾರೆ. ಒಂದು ಹಂಚಿಕೆಯದು, ಇನ್ನೊಂದು ಎನ್‌ಟಿಎಫ್‌ಎಸ್‌ನದು. ಕಾಂಪೌಂಡಿನ ಗೇಟು ತೆರೆದಿದ್ದರೂ ಮನೆಯ ಬಾಗಿಲಿಗೆ ಬೀಗವಿದ್ದರೆ ಒಳಗೆ ಹೋಗಲಾಗದು; ಬಾಗಿಲು ತೆರೆದಿದ್ದು ಗೇಟಿಗೆ ಬೀಗವಿದ್ದರೂ ಅಷ್ಟೇ. ಎರಡರಲ್ಲಿ ಯಾವುದು ಬಿಗಿಯೋ ಅದೇ ಅಂತಿಮ. ಸರ್ವರಿನ ಮುಂದೆಯೇ ಕೂತು ಪರೀಕ್ಷಿಸಿದರೆ ಮನೆಬಾಗಿಲಿನ ಹಕ್ಕು ಮಾತ್ರ ಪರೀಕ್ಷೆಯಾಗುತ್ತದೆ, ಗೇಟಿನದ್ದು ಆಗುವುದಿಲ್ಲ. ‘ಸರ್ವರಿನಲ್ಲಿ ಸರಿ ಇದೆ, ಇಲ್ಲಿ ಬರುತ್ತಿಲ್ಲ’ ಎಂಬ ಗೊಂದಲಕ್ಕೆ ಕಾರಣ ಇದೇ.

ಈ ಕೆಲಸವನ್ನೆಲ್ಲ ತಾನಾಗಿಯೇ ನಡೆಸುವ ಎಂಡಿಟಿ ಅಥವಾ ಕಾನ್ಫಿಗರೇಷನ್ ಮ್ಯಾನೇಜರ್‌ನಂಥ ಸಾಧನ ಬಳಸುವವರು ಇನ್ನೊಂದನ್ನು ಗಮನಿಸಬೇಕು. ಇಮೇಜ್ ಇಳಿಸಲು ಓದುವ ಹಕ್ಕು ಸಾಕು. ಸೆರೆಹಿಡಿದು ಇಡಲು ಬರೆಯುವ ಹಕ್ಕು ಬೇಕು. ಓದುವ ಹಕ್ಕಿನ ಖಾತೆಯನ್ನೇ ಎರಡಕ್ಕೂ ಕೊಟ್ಟರೆ ವಿಂಡೋಸ್ ಹಾಕುವುದು, ತಂತ್ರಾಂಶ ಸೇರಿಸುವುದು, ಸಿಸ್‌ಪ್ರೆಪ್ ಎಲ್ಲ ಮುಗಿದು, ಗಂಟೆಗಳು ಕಳೆದು, ಕಟ್ಟಕಡೆಗೆ ಇಮೇಜ್ ಬರೆಯುವಾಗ ಕೆಲಸ ನಿಲ್ಲುತ್ತದೆ. ಪರಿಹಾರ ಸರಳ. ಕೆಲಸ ಶುರು ಮಾಡುವ ಮುನ್ನವೇ ವಿನ್‌ಪಿಇಯಿಂದ, ಅದೇ ಖಾತೆಯಿಂದ, ಅದೇ ಫೋಲ್ಡರಿಗೆ ಒಂದು ಪುಟ್ಟ ಪಠ್ಯ ಫೈಲ್ ಬರೆದು ಅಳಿಸಿ ನೋಡಿ. ಅರ್ಧ ನಿಮಿಷದ ಈ ಪರೀಕ್ಷೆ ಇಡೀ ರಾತ್ರಿಯನ್ನು ಉಳಿಸುತ್ತದೆ.

ಎಲ್ಲರಿಗೂ ಎಲ್ಲ ಹಕ್ಕು: ಮದ್ದಲ್ಲ, ವಿಷ

ಮೇಲಿನ ಯಾವುದನ್ನೂ ನೋಡದೆ ಒಂದೇ ಏಟಿಗೆ ಮುಗಿಸುವ ದಾರಿಯೊಂದಿದೆ: ‘ಎವ್ರಿವನ್’ಗೆ ‘ಫುಲ್ ಕಂಟ್ರೋಲ್’. ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ದೋಷ ಮಾಯವಾಗುತ್ತದೆ, ಕೆಲಸ ಮುಂದುವರಿಯುತ್ತದೆ. ಆದರೆ ವಿಮ್ ಇಮೇಜ್ ಫೈಲುಗಳ ಜೊತೆ ಹಕ್ಕುಪಟ್ಟಿಯನ್ನೂ ಕಟ್ಟಿಕೊಂಡು ಹೋಗುತ್ತದೆ ಎಂಬುದು ಇಲ್ಲೇ ಮುಖ್ಯವಾಗುವುದು. ಇಮೇಜಿನೊಳಗೆ ಸಡಿಲಿಸಿದ ಒಂದು ಹಕ್ಕು ನೂರು ಕಂಪ್ಯೂಟರಿನಲ್ಲೂ ಸಡಿಲವಾಗಿಯೇ ಇಳಿಯುತ್ತದೆ.

ಸಡಿಲ ಹಕ್ಕು ಏನು ಮಾಡಬಲ್ಲದು ಎಂಬುದಕ್ಕೆ 2021ರ ಜುಲೈ ಸಾಕ್ಷಿ. ಬಳಕೆದಾರರ ಪಾಸ್‌ವರ್ಡ್ ಗುರುತುಗಳಿರುವ ‘ಸ್ಯಾಮ್’ ಎಂಬ ಫೈಲನ್ನು ಸಾಮಾನ್ಯ ಬಳಕೆದಾರನೂ ಓದಬಹುದಾದ ಹಕ್ಕುಪಟ್ಟಿ ವಿಂಡೋಸ್ 10ರ ‘1809’ ಆವೃತ್ತಿಯಿಂದಲೇ ಸೇರಿಕೊಂಡಿತ್ತು ಎಂಬುದು ಆಗ ಬಯಲಾಯಿತು. ‘ಸೀರಿಯಸ್ ಸ್ಯಾಮ್’ ಎಂದು ಹೆಸರಾದ ಈ ದೋಷಕ್ಕೆ ತೇಪೆ ಹಾಕಿದರೂ ಸಾಲಲಿಲ್ಲ. ವಿಂಡೋಸ್ ತೆಗೆದಿಟ್ಟು ಡಿಸ್ಕಿನಲ್ಲಿ ಉಳಿದಿದ್ದ ಹಳೆಯ ನಕಲುಗಳನ್ನು, ಅಂದರೆ ‘ಶ್ಯಾಡೋ ಕಾಪಿ’ಗಳನ್ನು, ಕೈಯಾರೆ ಅಳಿಸಬೇಕಾಯಿತು. ಒಂದು ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾದದ್ದರ ಪರಿಣಾಮ ಇದು.

ಇಮೇಜಿನ ತಪ್ಪು ಹೇಗೆ ಹರಡುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ 2015ರಲ್ಲಿ ಬೆಳಕಿಗೆ ಬಂದ ‘ಸೂಪರ್‌ಫಿಶ್’ ಪ್ರಕರಣ. ಲೆನೊವೊ ಕಂಪನಿಯ ಹಲವು ಲ್ಯಾಪ್‌ಟಾಪುಗಳ ಕಾರ್ಖಾನೆ ಇಮೇಜಿನಲ್ಲಿದ್ದ ಜಾಹೀರಾತು ತಂತ್ರಾಂಶ ಎಲ್ಲ ಯಂತ್ರಗಳಲ್ಲೂ ಒಂದೇ ರಹಸ್ಯ ಕೀಲಿಯನ್ನು ಇಟ್ಟಿತ್ತು. ಒಂದರ ಕೀಲಿ ಸಿಕ್ಕರೆ ಎಲ್ಲದರ ಕೀಲಿಯೂ ಸಿಕ್ಕಂತೆ. ಇಮೇಜಿನಲ್ಲಿ ಎಲ್ಲ ಕಂಪ್ಯೂಟರಿಗೂ ಒಂದೇ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಹಾಕಿಡುವುದೂ ಇದೇ ಬಗೆಯ ತಪ್ಪು. ಇದನ್ನು ತಡೆಯಲೆಂದೇ ಮೈಕ್ರೋಸಾಫ್ಟ್ 2015ರಲ್ಲಿ ‘ಲ್ಯಾಪ್ಸ್’ ಎಂಬ ಸೌಲಭ್ಯ ಕೊಟ್ಟಿತು. 2023ರ ಏಪ್ರಿಲ್‌ನಿಂದ ಅದು ವಿಂಡೋಸ್‌ನೊಳಗೇ ಇದೆ. ಅದನ್ನು ಬಳಸಿದರೆ ಪ್ರತಿ ಕಂಪ್ಯೂಟರಿಗೂ ಬೇರೆ ಪಾಸ್‌ವರ್ಡ್ ತಾನಾಗಿಯೇ ಬರುತ್ತದೆ. ಹಾಗೆಯೇ, ತಾನಾಗಿಯೇ ಇನ್‌ಸ್ಟಾಲ್ ಆಗಲೆಂದು ಬರೆಯುವ ಉತ್ತರ ಫೈಲುಗಳಲ್ಲಿ ಪಾಸ್‌ವರ್ಡ್ ಉಳಿಯದಂತೆ ನೋಡಿಕೊಳ್ಳಬೇಕು. ವಿಂಡೋಸ್ ಫೋಲ್ಡರಿನ ‘ಪ್ಯಾಂಥರ್’ ಒಳಗೆ ಅದರ ನಕಲು ಉಳಿದುಬಿಡುವುದುಂಟು.

ಕಾಸರಗೋಡಿನ ಶಾಲೆಯಲ್ಲೂ ಇದೇ ಪಾಠ

ಇದು ವಿಂಡೋಸ್‌ನ ಕಥೆ ಮಾತ್ರವಲ್ಲ. ಕೇರಳದ ಶಾಲೆಗಳಿಗಾಗಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆ ಉಬುಂಟು ಆಧಾರದ ಮೇಲೆ ತನ್ನದೇ ಲಿನಕ್ಸ್ ಆವೃತ್ತಿ ಸಿದ್ಧಪಡಿಸುತ್ತದೆ. 2019ರಲ್ಲಿ 18.04 ಆವೃತ್ತಿ ಹೊರಬಂದಾಗ ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಅದು ಉದ್ದೇಶಿತವಾಗಿತ್ತು; ಪರವಾನಗಿ ವೆಚ್ಚದಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಸಂಸ್ಥೆ ಲೆಕ್ಕ ಕೊಟ್ಟಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗೇ ಬರುತ್ತವೆ.

ಲಿನಕ್ಸ್ ಇಮೇಜ್ ಮಾಡುವಾಗ ಹಕ್ಕು ತಪ್ಪಿದರೆ ತೊಂದರೆ ಇನ್ನೂ ಬೇಗ ಕಾಣಿಸುತ್ತದೆ. ರೂಟ್ ಬಳಕೆದಾರನಾಗಿ, ಒಡೆತನ ಉಳಿಸುವ ಆಯ್ಕೆಯೊಂದಿಗೆ ಫೈಲುಗಳನ್ನು ನಕಲಿಸದೆ ಸಾಮಾನ್ಯ ಬಳಕೆದಾರನಾಗಿ ನಕಲಿಸಿದರೆ ಎಲ್ಲದಕ್ಕೂ ಆ ಬಳಕೆದಾರನೇ ಒಡೆಯನಾಗುತ್ತಾನೆ. ಆ ಇಮೇಜ್ ಇಳಿಸಿದ ಕಂಪ್ಯೂಟರಿನಲ್ಲಿ ‘ಸುಡೊ’ ಕಮಾಂಡ್ ಕೊಟ್ಟರೆ, ನನ್ನ ಒಡೆಯ ರೂಟ್ ಆಗಿರಬೇಕಿತ್ತು ಎಂದು ಅದು ನಿಂತುಬಿಡುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕು ಪಡೆಯುವ ಮಾಮೂಲಿ ದಾರಿಯೇ ಮುಚ್ಚಿಹೋಗುತ್ತದೆ.

ಲಾಗ್ ಓದಿ, ಆಮೇಲೆ ಕೈ ಹಾಕಿ

ನಾಲ್ಕು ಪ್ರಶ್ನೆಗಳಿಗೂ ಉತ್ತರ ಸಿಗದಿದ್ದರೆ ಊಹೆ ಬಿಟ್ಟು ಲಾಗ್ ಓದಬೇಕು. ವಿಂಡೋಸ್ ಫೋಲ್ಡರಿನ ‘ಲಾಗ್ಸ್’ ಒಳಗೆ ಡಿಸ್ಮ್‌ನ ದಿನಚರಿ ಇದೆ. ಯಾವ ಫೈಲಿನ ಬಳಿ ಕೆಲಸ ನಿಂತಿತು ಎಂಬುದು ಅಲ್ಲಿ ಸಿಗುತ್ತದೆ. ಸಿಸ್‌ಇಂಟರ್ನಲ್ಸ್‌ನ ‘ಪ್ರೊಸೆಸ್ ಮಾನಿಟರ್’ ಎಂಬ ಉಚಿತ ಸಾಧನವನ್ನು ಓಡಿಸಿ, ಫಲಿತಾಂಶದಲ್ಲಿ ‘ಆಕ್ಸೆಸ್ ಡಿನೈಡ್’ ಎಂದಿರುವ ಸಾಲುಗಳನ್ನಷ್ಟೇ ತೋರಿಸು ಎಂದರೆ, ಯಾವ ಪ್ರೋಗ್ರಾಂಗೆ ಯಾವ ಫೈಲಿನಲ್ಲಿ ಯಾವ ಹಕ್ಕು ಸಿಗಲಿಲ್ಲ ಎಂಬುದು ನೇರವಾಗಿ ಕಾಣುತ್ತದೆ. ಅಲ್ಲಿಗೆ ಊಹಿಸುವ ಕೆಲಸ ಮುಗಿಯಿತು.

ಇಷ್ಟು ಮುತುವರ್ಜಿ ಒಂದು ಇಮೇಜಿಗೆ ಏಕೆ ಎಂದು ಕೇಳುವವರು ಎರಡು ದಿನಗಳನ್ನು ನೆನಪಿಸಿಕೊಳ್ಳಬೇಕು. 2012ರ ಆಗಸ್ಟ್ 15ರಂದು ಕುವೈತ್‌ನ ನೆರೆಯ ಸೌದಿ ಅರೇಬಿಯಾದ ತೈಲ ಕಂಪನಿ ಅರಾಮ್ಕೊ ಮೇಲೆ ‘ಶಮೂನ್’ ಎಂಬ ವೈರಸ್ ದಾಳಿಯಾಗಿ ಸುಮಾರು 30,000 ಕಂಪ್ಯೂಟರುಗಳ ಡಿಸ್ಕುಗಳು ಅಳಿಸಿಹೋದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆಗ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದ ದುರಸ್ತಿ ಸಾಧನ ವಿನ್‌ಪಿಇ ಆಧಾರದ ಪೆನ್‌ಡ್ರೈವ್. ಅದನ್ನು ತಯಾರಿಸಲು ಬೇಕಿದ್ದದ್ದು ಅಡ್ಮಿನಿಸ್ಟ್ರೇಟರ್ ಹಕ್ಕಿರುವ ಇನ್ನೊಂದು ಕಂಪ್ಯೂಟರ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು ಹೊಸ ಇಮೇಜ್ ಮಾಡುವ ಕೆಲಸ ಎಲ್ಲೆಡೆ ಹೆಚ್ಚಿದೆ.

ರಾಯ್‌ನ ಗೋದಾಮಿನಲ್ಲಿರಲಿ, ರಾಯಚೂರಿನ ಕಾಲೇಜಿನ ಲ್ಯಾಬಿನಲ್ಲಿರಲಿ, ಈ ಕೆಲಸ ಮಾಡುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ‘ಅನುಮತಿ ಇಲ್ಲ’ ಎಂದು ಕಂಪ್ಯೂಟರ್ ಹೇಳಿದಾಗ ಅದು ನಿಮ್ಮ ಕೆಲಸ ಕೆಡಿಸುತ್ತಿಲ್ಲ. ಮಾಡಬೇಕಾದ ಕಾವಲನ್ನು ಮಾಡುತ್ತಿದೆ. ಸಂಖ್ಯೆ ಬರೆದಿಟ್ಟುಕೊಳ್ಳಿ, ನಾಲ್ಕು ಪ್ರಶ್ನೆ ಕ್ರಮವಾಗಿ ಕೇಳಿ, ಬೇಕಾದಷ್ಟು ಹಕ್ಕನ್ನು ಬೇಕಾದವರಿಗೆ ಬೇಕಾದಷ್ಟು ಹೊತ್ತಿಗೆ ಮಾತ್ರ ಕೊಡಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಿ. ಎಷ್ಟೇ ತಡವಾಗಿರಲಿ, ‘ಎವ್ರಿವನ್’ ಎಂದು ಟೈಪ್ ಮಾಡಬೇಡಿ.